ಛಾಯಾಯಂತ್ರದ ಯೋಗಕ್ಷೇಮ

ಯೋಗಕ್ಷೇಮವೆಂಬ ಮಾತನ್ನು ನಮ್ಮ ಕಾಲದವರೆಲ್ಲರೂ ಕಾಗದಗಳಲ್ಲಿ ಬರೆದವರೇ. ಅದರೊಳಗೆ ಎರಡು ಬೇರೆ ಬೇರೆ ಪದಗಳು ಅಡಗಿರುವುವೆಂದು ಯೋಚಿಸಿದವರು ಮಾತ್ರ ಸ್ವಲ್ಪ ಜನ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಕ್ಯಾಮರಾದ ವಿಷಯದಲ್ಲಿ ನಮ್ಮ ಗೃಹಸ್ಥರಿಗೆ ಮೊದಲನೆಯದರಲ್ಲಿರುವ ಉತ್ಸಾಹವು ಎರಡನೆಯದರಲ್ಲಿ ಇಲ್ಲವೆಂದು ಹೇಳಬೇಕಾಗಿದೆ. ಯಾವ ಕಂಪೆನಿಯದನ್ನು ಕೊಳ್ಳೋಣ, ಎಷ್ಟು ಮೆಗಾಪಿಕ್ಸೆಲ್ ಇದ್ದರೆ ಸಾಕು, ದೂರದ ಹಕ್ಕಿಯನ್ನು ಹತ್ತಿರಕ್ಕೆ ತರುವ ಲೆನ್ಸು ಬೇಕೆ ಬೇಡವೆ ಎಂದು ಕೇಳಿಕೊಂಡು ನಮ್ಮ ಜಗಲಿಗೆ ಬಂದವರು ಅನೇಕರು. ಕೊಂಡುಕೊಂಡ ಮೇಲೆ ಅದನ್ನು ಆಷಾಢಮಾಸದಲ್ಲಿ ಎಲ್ಲಿಡಬೇಕೆಂದು ಕೇಳಿದವರು ಇಬ್ಬರೋ ಮೂವರೋ.

ನಾವು ಮೂವತ್ತು ವರ್ಷಗಳಿಗೂ ಮಿಕ್ಕಿ ತೀರ್ಥಹಳ್ಳಿಯ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತವನ್ನು ಪಾಠಹೇಳಿ ಈಗ ವಿಶ್ರಾಂತರಾಗಿರುವೆವು. ವಿಭಕ್ತಿಪ್ರತ್ಯಯಗಳನ್ನು ಹೇಳಿಕೊಡುವ ಪಂಡಿತನಿಗೆ ಈ ಕಣ್ಣಾಡುವ ಪೆಟ್ಟಿಗೆಯ ಗೊಡವೆ ಏತಕ್ಕೆಂದು ನಕ್ಕವರುಂಟು. ಶಾಲೆಯ ವಾರ್ಷಿಕೋತ್ಸವಕ್ಕೆ ಚಿತ್ರ ತೆಗೆಯುವವರು ಪೇಟೆಯಿಂದ ಬರಬೇಕಾಗಿದ್ದ ಕಾಲದಲ್ಲಿ ಹತ್ತಿದ ಈ ಗೀಳು ನಮ್ಮನ್ನು ಬಿಡಲಿಲ್ಲ. ಮೊದಲು ಕೈಗೆ ಬಂದುದು ಆಗ್ಫಾ ಕ್ಲಿಕ್ 3. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಆದಕಾರಣ ಗುಂಡಿಯನ್ನು ಒತ್ತುವ ಮೊದಲು ಹನ್ನೆರಡು ಸಲ ಯೋಚನೆ. ಆಮೇಲೆ ಬಂದ ಯಂತ್ರಗಳು ಅದಕ್ಕಿಂತ ಬಹಳ ಜಾಣ, ಆದರೆ ಬಹಳ ನಾಜೂಕು. ಕ್ಲಿಕ್ಕಿನಂತಹ ಪೆಟ್ಟಿಗೆಯನ್ನು ಎಲ್ಲಿ ಎಸೆದರೂ ನಡೆಯುತ್ತಿತ್ತು. ಇವುಗಳಿಗೆ ಉಪಚಾರ ಬೇಕು.

ಈ ಉಪಚಾರದ ವಿಷಯವಾಗಿ ಅನ್ಯದೇಶಗಳಲ್ಲಿ ಬರೆದ ಪುಸ್ತಕಗಳನ್ನು ತೆರೆದರೆ ಧೂಳು, ಹಿಮ, ಮರಳು ಎಂದು ಮೊದಲಾಗುವುದು. ನಮ್ಮ ನಾಡಿನಲ್ಲಿ, ಅದರಲ್ಲೂ ಮಲೆನಾಡು ಕರಾವಳಿಗಳಲ್ಲಿ, ಮುಖ್ಯ ಶತ್ರುವು ಬೇರೆ. ನಮ್ಮ ತಾಲ್ಲೂಕಿಗೇ ಸೇರಿದ ಆಗುಂಬೆಯಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುವುದು. ಆರಿದ್ರೆಯಲ್ಲಿ ಹಿಡಿದ ಮಳೆ ಆಶ್ಲೇಷೆ ಕಳೆದರೂ ಬಿಡದೆ, ಒಗೆದ ಪಂಚೆ ನಾಲ್ಕು ದಿನ ಒಣಗದೆ, ಚಪ್ಪಲಿಯ ಮೇಲೆ ಹಸುರು ಹಿಡಿದು, ಪುಸ್ತಕದ ರಟ್ಟು ಬಾಗಿ ನಿಲ್ಲುವ ಮನೆಗಳಲ್ಲಿ ಕ್ಯಾಮರಾ ಮಾತ್ರ ಸುಖವಾಗಿರುವುದೆಂದು ನಂಬುವುದು ಹೇಗೆ?

ಸಂಸ್ಕೃತದಲ್ಲಿ ಕಾಚವೆಂದರೆ ಗಾಜು. ಅದೇ ಶಬ್ದಕ್ಕೆ ಆಯುರ್ವೇದದಲ್ಲಿ ಇನ್ನೊಂದು ಅರ್ಥವುಂಟು. ದೃಷ್ಟಿಯು ಮಂಜಾಗುತ್ತ ಹೋಗುವ ಒಂದು ನೇತ್ರರೋಗಕ್ಕೂ ಕಾಚವೆಂದೇ ಹೆಸರು. ಮಳೆಗಾಲದಲ್ಲಿ ಕ್ಯಾಮರಾದ ಕಣ್ಣಿಗೆ ಬರುವ ವ್ಯಾಧಿಯನ್ನು ಕಂಡಾಗಲೆಲ್ಲ ಈ ಶ್ಲೇಷೆ ನಮಗೆ ನೆನಪಾಗುವುದು: ಕಾಚಕ್ಕೆ ಕಾಚ ಹತ್ತಿತು. ಆಡುಮಾತಿನಲ್ಲಿ ಹೇಳುವುದಾದರೆ, ಲೆನ್ಸಿಗೆ ಬೂಷ್ಟು ಹಿಡಿಯಿತು.

ಬೂಷ್ಟಿನ ಬೀಜಕಣಗಳು ಎಲ್ಲ ಗಾಳಿಯಲ್ಲಿಯೂ ಇರುವುವು, ಅವುಗಳಿಲ್ಲದ ಮನೆಯಿಲ್ಲ. ಸಾಪೇಕ್ಷ ಆರ್ದ್ರತೆಯು ನೂರಕ್ಕೆ 65 ಅಥವಾ 70ನ್ನು ಮೀರಿ ದಿನಗಟ್ಟಲೆ ನಿಂತು, ಅದರೊಂದಿಗೆ ಕತ್ತಲೆಯೂ ಆಡದ ಗಾಳಿಯೂ ಕೂಡಿದರೆ ಅವು ಮೊಳೆಯುವುವು. ಗಾಜನ್ನು ಅವು ತಿನ್ನುವುದಿಲ್ಲ. ಗಾಜಿನ ಮೇಲೆ ಕುಳಿತ ಸೂಕ್ಷ್ಮವಾದ ಧೂಳು, ಬೆರಳಿನ ಜಿಡ್ಡು, ಒಳಗಿನ ಎಣ್ಣೆಯ ಹಬೆ, ಇವೇ ಅವುಗಳಿಗೆ ಆಹಾರ. ಆದರೆ ಬೆಳೆಯುವಾಗ ಅವು ಒಂದು ಬಗೆಯ ಆಮ್ಲವನ್ನು ಸ್ರವಿಸುತ್ತವೆ. ಅದು ಲೆನ್ಸಿನ ಮೇಲಿನ ಲೇಪವನ್ನು ಮೊದಲು ಕೊರೆದು, ಬಹಳ ದಿನ ಬಿಟ್ಟರೆ ಗಾಜಿಗೂ ಇಳಿಯುವುದು. ಈ ಲೇಪವೆಂಬುದು ಬೆಳಕು ಗಾಜಿನಿಂದ ಹಿಂದಕ್ಕೆ ಚಿಮ್ಮಿ ವ್ಯರ್ಥವಾಗದಂತೆ ತಡೆಯುವ ಪೊರೆ. 1935ರಲ್ಲಿ ಜರ್ಮನಿಯ ಜೈಸ್ ಕಾರ್ಖಾನೆಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ ಎಂಬ ವಿಜ್ಞಾನಿಯು ಇದನ್ನು ಸಾಧಿಸಿದನು. ಅಂತಹ ಪೊರೆಯೊಂದರ ದಪ್ಪವು ಮಿಲಿಮೀಟರಿನ ಹತ್ತುಸಾವಿರದಲ್ಲೊಂದು ಪಾಲಿನ ಆಸುಪಾಸು. ಹೋದರೆ ಹೋದಂತೆಯೇ, ಪಾತ್ರೆಗೆ ಕಲಾಯಿ ಹಾಕಿಸಿದಂತೆ ಊರಿನಲ್ಲಿ ಮತ್ತೆ ಹಾಕಿಸಲು ಆಗುವುದಿಲ್ಲ.

ನಮ್ಮ ನೆರೆಮನೆಯಲ್ಲಿ 1996ರಲ್ಲಿ ನಡೆದುದನ್ನು ಇಲ್ಲಿ ಹೇಳುವುದು ಉಚಿತವಾಗಿದೆ. ಆ ಮನೆಯ ಯಜಮಾನರು ಅಂಚೆ ಇಲಾಖೆಯಿಂದ ನಿವೃತ್ತರಾದವರು, ಅಚ್ಚುಕಟ್ಟಿನ ಮನುಷ್ಯರು. ಅವರ ಮಗನು ಹೊರದೇಶದಿಂದ ಒಂದು ಒಳ್ಳೆಯ ಕ್ಯಾಮರಾವನ್ನು ತಂದುಕೊಟ್ಟಿದ್ದನು. ಅದನ್ನು ಅದರ ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ಹಳೆಯ ರೇಷ್ಮೆವಸ್ತ್ರದಲ್ಲಿ ಸುತ್ತಿ, ನಾಲ್ಕು ಡಾಂಬರುಗುಳಿಗೆಗಳನ್ನು ಜೊತೆಗೆ ಹಾಕಿ, ಬೀರುವಿನ ಒಳಖಾನೆಯಲ್ಲಿ ಬೀಗಹಾಕಿ ಇಟ್ಟರು. ಎರಡು ಮಳೆಗಾಲ ಕಳೆಯಿತು. ಅವರ ತಾಯಿಯವರಿಗೆ ಆಗ ತೊಂಬತ್ತು ಸಮೀಪಿಸಿತ್ತು. ಮದುವೆಯಾದಂದಿನಿಂದ ಆ ಕಾಲದವರೆಗೆ ಆಕೆಯ ಒಂದು ಚಿತ್ರವನ್ನೂ ಯಾರೂ ತೆಗೆದಿರಲಿಲ್ಲ. ಕಾರ್ತಿಕದಲ್ಲಿ ಮೊಮ್ಮಕ್ಕಳೆಲ್ಲ ಕೂಡಿದಾಗ ಆಕೆಯನ್ನು ತುಳಸೀಕಟ್ಟೆಯ ಮುಂದೆ ಕೂರಿಸಿ ಇಡೀ ಒಂದು ಸುರುಳಿಯನ್ನು ಮುಗಿಸಿದರು. ತೊಳೆದು ಬಂದ ಚಿತ್ರಗಳಲ್ಲಿ ಅಜ್ಜಿಯು ಹಬೆಯ ಹಿಂದೆ ಕುಳಿತಂತೆ ಇದ್ದರು. ಅವರು ಕ್ಯಾಮರಾವನ್ನು ನಮ್ಮಲ್ಲಿಗೆ ತಂದರು. ಲೆನ್ಸನ್ನು ಬಿಚ್ಚಿ ದೀಪಕ್ಕೆ ಹಿಡಿದು ನೋಡಿದೆವು. ಒಳಗಿನ ಗಾಜಿನಲ್ಲಿ ಅಂಚಿನಿಂದ ನಡುವಿನವರೆಗೆ ಜೇಡರ ಬಲೆಯಂತೆ ಎಳೆಗಳು ಹಬ್ಬಿದ್ದವು. ಬೆಂಗಳೂರಿಗೆ ರಿಪೇರಿಗೆ ಕಳುಹಿಸಿದರು. ಅದು ಹಿಂದಿರುಗಲು ಎರಡು ತಿಂಗಳಾಯಿತು. ಅಷ್ಟರಲ್ಲಿ ಪುಷ್ಯಮಾಸದ ಚಳಿಯಲ್ಲಿ ಅಜ್ಜಿಯು ತೀರಿಕೊಂಡರು. ಆ ಹಬೆಯ ಚಿತ್ರಗಳಲ್ಲಿಯೇ ಒಂದನ್ನು ದೊಡ್ಡದು ಮಾಡಿಸಿ ಅವರು ತಮ್ಮ ನಡುಮನೆಯಲ್ಲಿ ಹಾಕಿರುವರು. ಮುಖದ ಅಂದಾಜು ಸಿಕ್ಕುವುದು, ಕಣ್ಣುಗಳು ಕಾಣುವುದಿಲ್ಲ.

ಆ ಹಿರಿಯರನ್ನು ಅಲಕ್ಷ್ಯಗಾರರೆಂದು ದೂರುವಂತಿಲ್ಲ. ಬಂಗಾರಕ್ಕೆ ಸಲ್ಲುವ ಮರ್ಯಾದೆಯನ್ನೆಲ್ಲ ಅವರು ಕ್ಯಾಮರಾಕ್ಕೆ ಸಲ್ಲಿಸಿದ್ದರು. ಆದರೆ ಚರ್ಮದ ಚೀಲವು ತೇವವನ್ನು ಹೀರಿ ಹಿಡಿದುಕೊಳ್ಳುವ ವಸ್ತು. ಅದು ಹೊತ್ತುಕೊಂಡು ಹೋಗುವುದಕ್ಕೆ ಯೋಗ್ಯವೇ ಹೊರತು ಇಟ್ಟುಕೊಳ್ಳುವುದಕ್ಕಲ್ಲ. ಬಟ್ಟೆಯೂ ಹಾಗೆಯೇ. ಡಾಂಬರುಗುಳಿಗೆಯು ನುಸಿಯನ್ನು ಓಡಿಸೀತು. ತೇವವನ್ನು ಹೀರುವ ಗುಣ ಅದಕ್ಕಿಲ್ಲ. ಬೀರುವಿನ ಕತ್ತಲೆಯನ್ನೂ ಬಿಗಿತವನ್ನೂ ನೋಡಿದರೆ, ಬೂಷ್ಟಿಗೆಂದೇ ಕಟ್ಟಿಸಿಕೊಟ್ಟ ಮನೆಯಂತಿತ್ತು.

ಹಾಗಾದರೆ ಮಾಡತಕ್ಕದ್ದೇನು? ಉಪಾಯವು ಸುಲಭ, ಖರ್ಚೂ ಕಡಿಮೆ. ಮುಚ್ಚಳಕ್ಕೆ ರಬ್ಬರಿನ ಪಟ್ಟಿಯಿದ್ದು ಗಾಳಿಯಾಡದಂತೆ ಕೂರುವ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನು ಪಾತ್ರೆಯಂಗಡಿಯಿಂದ ತರುವುದು; ಹಿಟ್ಟು ಬೇಳೆ ತುಂಬುವಂಥದೇ ಸಾಕು. ಅದರೊಳಗೆ ತೆಳುಬಟ್ಟೆಯ ಚೀಲದಲ್ಲಿ ಇನ್ನೂರು ಗ್ರಾಂನಷ್ಟು ಸಿಲಿಕಾ ಜೆಲ್ ಹರಳುಗಳನ್ನು ಇಡುವುದು. ಜೊತೆಗೆ ಒಂದು ಚಿಕ್ಕ ಆರ್ದ್ರತಾಮಾಪಕವನ್ನು ಇಟ್ಟರೆ ಒಳಗಿನ ಸ್ಥಿತಿಯು ಹೊರಗಿನಿಂದಲೇ ಕಾಣುವುದು. ಮುಳ್ಳು 40ರಿಂದ 50ರ ನಡುವೆ ನಿಂತರೆ ಉತ್ತಮ. ಒಣಗಿದಷ್ಟೂ ಒಳ್ಳೆಯದೆಂದು ಹರಳನ್ನು ಹೇರುವವರಿದ್ದಾರೆ, ಅದೂ ಅತಿಯೇ. 30ಕ್ಕಿಂತ ಕೆಳಗೆ ಬಹುಕಾಲ ಇದ್ದರೆ ರಬ್ಬರು, ಚರ್ಮ ಮತ್ತು ಒಳಗಿನ ಜಿಡ್ಡುಗಳಿಗೆ ಒಳ್ಳೆಯದಲ್ಲ. ಅನುಕೂಲವುಳ್ಳವರು ವಿದ್ಯುತ್ತಿನಿಂದ ನಡೆಯುವ ಒಣಪೆಟ್ಟಿಗೆಯನ್ನು ತರಿಸಬಹುದು; ಒಂದು ಸಲ ಅಂಕೆಯನ್ನು ಗೊತ್ತುಮಾಡಿದರೆ ಅದು ತಾನೇ ನೋಡಿಕೊಳ್ಳುವುದು. ಒಂದೇ ಕ್ಯಾಮರಾ ಇರುವ ಮನೆಗೆ ಅದು ಅಗತ್ಯವೆಂದು ನಾವು ಹೇಳಲಾರೆವು.

ಹರಳುಗಳನ್ನು ಒಮ್ಮೆ ಇಟ್ಟು ಮರೆಯುವುದರಿಂದ ಪ್ರಯೋಜನವಿಲ್ಲ. ನೀಲಿಯವು ನೀರು ಕುಡಿದಂತೆ ನಸುಗೆಂಪಾಗುವುವು; ಕಿತ್ತಳೆ ಬಣ್ಣದವು ಸಾಮಾನ್ಯವಾಗಿ ಹಸುರಿಗೆ ತಿರುಗುವುವು. ಆಗ ಅವುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ, ಮೊದಲಿನ ಬಣ್ಣ ಮರಳುವವರೆಗೆ ಕೈಯಾಡಿಸಿ, ಆರಿದ ಮೇಲೆ ಮತ್ತೆ ಡಬ್ಬಿಗೆ ಹಾಕಬೇಕು. ಆ ಬಾಣಲೆಯನ್ನು ಅಡುಗೆಗೆ ಮರಳಿ ತರಕೂಡದು. ನೀಲಿ ಹರಳಿನಲ್ಲಿರುವ ಕೋಬಾಲ್ಟಿನ ಲವಣವು ವಿಷ. ಮಕ್ಕಳ ಕೈಗೂ ಅದು ಸಿಕ್ಕಕೂಡದು. ಹರಳಿನ ಬದಲು ಅಕ್ಕಿಯನ್ನು ಹಾಕಿದರಾಗದೆ ಎಂದು ಗೃಹಿಣಿಯೊಬ್ಬರು ಕೇಳಿದರು. ಅಕ್ಕಿಯು ಹೀರುವುದು ಅತ್ಯಲ್ಪ. ಅದರ ಹಿಟ್ಟಿನಂಥ ಧೂಳು ಮಾತ್ರ ಲೆನ್ಸಿನ ಸಂದುಗಳಿಗೆಲ್ಲ ಹೋಗುವುದು. ಅಕ್ಕಿಯು ಅನ್ನಕ್ಕಿರಲಿ.

ನಮ್ಮ ಕಡೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟವು ಒಣಗಿರುವ ಜಾಗ. ಉಪ್ಪು, ಬೆಲ್ಲ, ಬಿತ್ತನೆಬೀಜಗಳಿಗೆ ಅದು ಹಿತವೆಂದು ಕ್ಯಾಮರಾವನ್ನೂ ಅಲ್ಲಿಡುವ ಜಾಣರನ್ನು ಕಂಡಿದ್ದೇವೆ. ಹೊಗೆಯ ಮಸಿಯೊಂದು ಕಡೆಗಿರಲಿ, ಸೆಕೆಗೆ ಲೆನ್ಸಿನೊಳಗಿನ ಗ್ರೀಸು ಕರಗಿ ಬೆಳಕನ್ನು ಅಳೆದು ಬಿಡುವ ತೆಳುವಾದ ಎಸಳುಗಳ ಮೇಲೆ ಹರಿಯುವುದು. ಎಸಳುಗಳು ಅಂಟಿಕೊಂಡರೆ ಯಂತ್ರವನ್ನು ಬಿಚ್ಚಿಸದೆ ಗತಿಯಿಲ್ಲ. ಹಿಂದೆ ಬೀರುವಿನೊಳಗೆ ಹದಿನೈದು ವಾಟಿನ ಬಲ್ಬನ್ನು ಹಗಲೂ ರಾತ್ರಿಯೂ ಉರಿಸುವ ಪದ್ಧತಿಯೊಂದಿತ್ತು. ಅದು ಆ ಕಾಲಕ್ಕೆ ಸರಿಯಾದುದೇ. ನಸುಬಿಸಿಯಿಂದ ಒಳಗಿನ ಗಾಳಿಯ ಆರ್ದ್ರತೆ ತಗ್ಗುತ್ತಿತ್ತು. ಈಗಿನ ಎಲ್‌ಇಡಿ ದೀಪವನ್ನು ಹಾಕಿ ಅದೇ ಫಲವನ್ನು ನಿರೀಕ್ಷಿಸುವವರು ನಿರಾಶರಾಗುವರು. ಬಿಸಿಯಾಗದಿರುವುದೇ ಆ ದೀಪದ ಹೆಚ್ಚುಗಾರಿಕೆಯಲ್ಲವೆ?

ಇವೆಲ್ಲಕ್ಕಿಂತ ಮೇಲಾದ ಔಷಧವೊಂದಿದೆ. ಅದಕ್ಕೆ ಕಾಸೂ ಬೇಡ. ವಾರಕ್ಕೊಮ್ಮೆ ಕ್ಯಾಮರಾವನ್ನು ಹೊರಗೆ ತೆಗೆದು ಬೆಳಕು ಗಾಳಿಗಳಿಗೆ ಹಿಡಿಯುವುದು, ಲೆನ್ಸಿನ ಉಂಗುರಗಳನ್ನು ಒಂದು ಸುತ್ತು ತಿರುಗಿಸುವುದು, ನಾಲ್ಕು ಚಿತ್ರಗಳನ್ನಾದರೂ ತೆಗೆಯುವುದು. ಅಂಗಳದ ಬೆಕ್ಕಾದರೂ ಆದೀತು. ಮಳೆಯ ನಾಡಿನಲ್ಲಿ ಛಾಯಾಗ್ರಹಣವೇ ಸಾಧ್ಯವಿಲ್ಲವೆನ್ನುವವರಿಗೆ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರನ್ನು ನೆನಪುಮಾಡಿಕೊಡುವೆವು. ಕಾದಂಬರಿಗಳಿಂದ ಪ್ರಸಿದ್ಧರಾದ ಅವರು ಆ ಮಲೆನಾಡಿನಲ್ಲಿಯೇ ನೆಲಸಿ, 2007ರಲ್ಲಿ ತೀರಿಕೊಳ್ಳುವವರೆಗೆ ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ಅಲೆದವರು.

ಇನ್ನು ಒರೆಸುವ ವಿಷಯ. ಪಂಚೆಯ ಅಂಚು, ಸೀರೆಯ ಸೆರಗು, ಅಂಗಿಯ ತುದಿ, ಇವು ಮೂರೂ ನಿಷಿದ್ಧ. ಬಟ್ಟೆಯಲ್ಲಿ ಸಿಕ್ಕಿಕೊಂಡ ಮರಳಿನ ಒಂದು ಕಣವು ಆ ತೆಳುವಾದ ಲೇಪದ ಮೇಲೆ ಗೀರನ್ನೆಳೆಯುವುದು. ಮೊದಲು ರಬ್ಬರಿನ ಉಂಡೆಯನ್ನು ಅದುಮಿ ಗಾಳಿಯನ್ನು ಊದುವ ಬ್ಲೋಯರಿನಿಂದ ಧೂಳನ್ನು ಹಾರಿಸಬೇಕು. ಹೋಗದಿದ್ದರೆ ಮೆತ್ತನೆಯ ಕುಂಚ. ಅದಕ್ಕೂ ಹೋಗದ ಜಿಡ್ಡಿದ್ದರೆ ಮಾತ್ರ, ಲೆನ್ಸಿಗೆಂದೇ ಮಾರುವ ದ್ರವದ ಒಂದು ಹನಿಯನ್ನು ಲೆನ್ಸಿನ ಕಾಗದಕ್ಕೆ ಹಾಕಿ, ನಡುವಿನಿಂದ ಅಂಚಿಗೆ ಸುತ್ತುಸುತ್ತಾಗಿ ಹಗುರವಾಗಿ ಒರೆಸುವುದು. ಹನಿಯನ್ನು ಗಾಜಿನ ಮೇಲೆ ನೇರವಾಗಿ ಹಾಕಿದರೆ ಅದು ಸಂದಿನಲ್ಲಿ ಇಳಿಯುವುದು. ದಿನವೂ ಒರೆಸುವ ಶುಚಿಗಾರರಿಗೆ ಒಂದು ಮಾತು: ಎರಡು ಕಣ ಧೂಳಿನಿಂದ ಚಿತ್ರ ಕೆಡುವುದಿಲ್ಲ, ಅತಿಯಾಗಿ ಒರೆಸುವುದರಿಂದ ಲೆನ್ಸು ಕೆಡುವುದು.

ಆದರೆ ನಮ್ಮ ಮದುವೆ ಮುಂಜಿಗಳ ಮರುದಿನ ಪರೀಕ್ಷಿಸದೆ ಇರಕೂಡದು. ಹೋಮಕುಂಡದ ಪಕ್ಕದಲ್ಲಿ ನಿಂತು ಚಿತ್ರ ತೆಗೆದವನ ಲೆನ್ಸಿನ ಮೇಲೆ ತುಪ್ಪದ ಹೊಗೆಯ ಜಿಡ್ಡು ಕೂರುವುದು. ಜೊತೆಗೆ ಅರಿಸಿನ ಕುಂಕುಮಗಳ ಪುಡಿ, ಆರತಕ್ಷತೆಯಲ್ಲಿ ಎರಚುವ ಅಕ್ಷತೆ. ಬೂಷ್ಟಿಗೆ ಇದಕ್ಕಿಂತ ಮೃಷ್ಟಾನ್ನ ಬೇರೆಯಿಲ್ಲ. ಇಂತಹ ಸಮಾರಂಭಗಳಲ್ಲಿಯೂ ಸಮುದ್ರತೀರದಲ್ಲಿಯೂ ಓಕುಳಿಯ ದಿನದಲ್ಲಿಯೂ ಲೆನ್ಸಿನ ಮುಂದೆ ಒಂದು ಸಾದಾ ಗಾಜಿನ ಫಿಲ್ಟರನ್ನು ತಿರುಗಿಸಿ ಹಾಕುವುದು ಒಳ್ಳೆಯದು. ಕೆಟ್ಟರೆ ಅದು ಕೆಡಲಿ. ಬೇರೆ ದಿನಗಳಲ್ಲಿ ಅದರ ಅವಶ್ಯಕತೆಯಿಲ್ಲ, ಲೆನ್ಸಿನ ಮುಂದಿನ ಮರೆಯುಂಗುರವೇ ಸಾಕೆಂಬುದು ನಮ್ಮ ಅಭಿಪ್ರಾಯ. ಅಂಗಡಿಯವರು ಇದನ್ನು ಒಪ್ಪಲಿಕ್ಕಿಲ್ಲ.

ತಣ್ಣನೆಯ ರೈಲುಡಬ್ಬಿಯಲ್ಲಿ ಕುಳಿತು ಮಂಗಳೂರಿನಲ್ಲಿಳಿದ ಕೂಡಲೆ ಕ್ಯಾಮರಾವನ್ನು ಹೊರಗೆ ತೆಗೆದರೆ ಅದರ ಮೈಮೇಲೆಲ್ಲ, ಕೆಲವೊಮ್ಮೆ ಒಳಗೂ, ಬೆವರಿನಂತೆ ನೀರು ಕಟ್ಟುವುದು. ಇಳಿಯುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಾಯಿಕಟ್ಟಿ, ಹೊರಗಿನ ಸೆಕೆಗೆ ಅದು ಹೊಂದಿಕೊಳ್ಳುವವರೆಗೆ ಅರ್ಧಗಂಟೆ ಒಂದು ಗಂಟೆ ತಡೆಯಬೇಕು. ಲೆನ್ಸು ಬದಲಿಸುವ ಯಂತ್ರಗಳಲ್ಲಿ ಒಳಗಿನ ಸೆನ್ಸರಿನ ಮೇಲೆ ಧೂಳು ಕೂತಿದೆಯೇ ಎಂದು ತಿಳಿಯಲು, ಬೆಳಕಿನ ಕಿಂಡಿಯನ್ನು ಎಫ್ 16ಕ್ಕೆ ಕಿರಿದುಮಾಡಿ ಬಿಳಿಯ ಗೋಡೆಯ ಚಿತ್ರವನ್ನು ತೆಗೆಯಿರಿ. ಕಪ್ಪುಚುಕ್ಕೆಗಳು ಕಂಡರೆ ಯಂತ್ರವನ್ನು ಬೋರಲು ಹಿಡಿದು ಬ್ಲೋಯರಿನಿಂದ ಊದಿರಿ. ಬಾಯಿಂದ ಊದುವುದು ಬೇಡ, ಎಂಜಲು ಹಾರುವುದು. ಬೆರಳಂತೂ ಅಲ್ಲಿಗೆ ಹೋಗಲೇಕೂಡದು.

ಬ್ಯಾಟರಿಯನ್ನು ತಿಂಗಳುಗಟ್ಟಲೆ ಒಳಗೆ ಬಿಡತಕ್ಕದ್ದಲ್ಲ. ಅಂಗಡಿಯ ಸಾಮಾನ್ಯ ಶೆಲ್ಲುಗಳು ಒಸರಿ ಲೋಹವನ್ನು ತಿನ್ನುವುವು. ತುಂಬಿಸಿ ಬಳಸುವ ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿಯಾಗಲಿ ಪೂರ್ತಿ ಬರಿದುಮಾಡಿಯಾಗಲಿ ಇಡದೆ, ಅರ್ಧದ ಸುಮಾರಿನಲ್ಲಿ ತೆಗೆದಿಡಬೇಕು. ಉಬ್ಬಿದ್ದು ಕಂಡರೆ ಮತ್ತೆ ಉಪಯೋಗಿಸಕೂಡದು.

ಹಳೆಯದನ್ನು ಕೊಳ್ಳುವವರು ಒಂದು ಸಣ್ಣ ಟಾರ್ಚನ್ನು ಕಿಸೆಯಲ್ಲಿಟ್ಟುಕೊಂಡು ಹೋಗಲಿ. ಲೆನ್ಸನ್ನು ಬಿಚ್ಚಿಸಿ, ಕಿಂಡಿಯನ್ನು ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿದರೆ ಎಳೆಗಳಿದ್ದಲ್ಲಿ ಹೊಳೆಯುವುವು. ಅಂಚಿನಲ್ಲಿ ಅಲ್ಪಸ್ವಲ್ಪ ಇದ್ದರೆ ಬಲ್ಲವರಿಂದ ಬಿಚ್ಚಿಸಿ ತೊಳೆಸಬಹುದು. ನಡುವಿಗೆ ಬಂದಿದ್ದರೆ ಬೆಲೆ ಎಷ್ಟು ಇಳಿಸಿದರೂ ಬೇಡ. ಬಿಸಿಲಿಗೆ ಇಟ್ಟರೆ ಬೂಷ್ಟು ಹೋಗುವುದೆಂಬ ಮಾತನ್ನು ನಂಬಿ ಲೆನ್ಸುಸಹಿತವಾಗಿ ಕ್ಯಾಮರಾವನ್ನು ಸೂರ್ಯನಿಗೆ ಎದುರುಮಾಡಿ ಇಡುವವರಿದ್ದಾರೆ. ಬಿಸಿಲಿಗೆ ಬೂಷ್ಟು ಸತ್ತರೂ ಅದರ ಕಲೆ ಹೋಗುವುದಿಲ್ಲ. ಮಿಗಿಲಾಗಿ, ಭೂತಗನ್ನಡಿಯು ಹುಲ್ಲನ್ನು ಹೊತ್ತಿಸುವಂತೆ ಲೆನ್ಸು ಬಿಸಿಲನ್ನು ಒಂದುಗೂಡಿಸಿ ಹಳೆಯ ಯಂತ್ರಗಳ ಬಟ್ಟೆಯ ಷಟರನ್ನು ಸುಟ್ಟು ತೂತುಮಾಡುವುದು.

ಈಗ ಕ್ಯಾಮರಾ ಏತಕ್ಕೆ, ಮೊಬೈಲು ಸಾಲದೆ ಎನ್ನುವ ವಾಚಕರಿಗೂ ಈ ಮಾತುಗಳು ಸಂಬಂಧಪಡದೆ ಇಲ್ಲ. ಮೊಬೈಲಿನ ಹಿಂದಿನ ಚಿಕ್ಕ ಗಾಜಿನ ಮೇಲೆ ದಿನಕ್ಕೆ ನೂರು ಸಲ ಬೆರಳು ಬೀಳುವುದು. ಚಿತ್ರವು ಮಂಕಾಯಿತೆಂದು ಹೊಸದನ್ನು ಕೊಳ್ಳಹೊರಟವರಿಗೆ ಆ ಗಾಜನ್ನು ಮೆತ್ತನೆಯ ಶುಭ್ರವಸ್ತ್ರದಿಂದ ಒರೆಸಿಕೊಟ್ಟು ಖರ್ಚನ್ನು ತಪ್ಪಿಸಿದ ಪುಣ್ಯ ನಮಗಿದೆ. ತೆಗೆದ ಚಿತ್ರಗಳನ್ನು ಒಂದೇ ಕಾರ್ಡಿನಲ್ಲಿ ಬಿಟ್ಟಿರುವುದೂ ಬೀರುವಿನಲ್ಲಿ ಬೀಗಹಾಕಿದಂತೆಯೇ. ಎರಡು ಬೇರೆ ಬೇರೆ ಕಡೆ ಪ್ರತಿಗಳಿರಲಿ. ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿರಲಿ.

ಕೊನೆಗೆ, ಕ್ಯಾಮರಾವಿದ್ದವನು ತನ್ನ ಮನೆಯಲ್ಲಿಯೇ ಮಾಡಬಹುದಾದ, ಮಳೆಗಾಲಕ್ಕೆ ಮೊದಲೇ ಮಾಡಬೇಕಾದ ಒಂದು ಕೆಲಸವುಂಟು. ನಡುಮನೆಯ ಗೋಡೆಯಲ್ಲಿ ತೂಗುತ್ತಿರುವ ಹಿರಿಯರ ಚಿತ್ರಗಳನ್ನು ಇಳಿಸಿ ನೋಡಿರಿ. ಹಳೆಯ ಚಿತ್ರಗಳ ಮೇಲ್ಮೈಯಲ್ಲಿರುವ ಜೆಲಾಟಿನ್ ಎಂಬ ಅಂಟು ತೇವಕ್ಕೆ ಮೆತ್ತಗಾಗಿ ಚೌಕಟ್ಟಿನ ಗಾಜಿಗೆ ಹತ್ತಿಕೊಂಡಿರುವುದು ಬಹಳ. ಹಾಗಿದ್ದರೆ ಎಳೆದು ಬಿಡಿಸಲು ಹೋಗಬೇಡಿರಿ. ಮುಖವು ಗಾಜಿಗೂ ಬೆನ್ನು ನಿಮ್ಮ ಕೈಗೂ ಬರುವುದು. ಗಾಜಿನ ಸಹಿತವಾಗಿ ಅದನ್ನು ಕಿಟಕಿಯ ಪಕ್ಕದಲ್ಲಿ, ಬೆಳಕು ಓರೆಯಾಗಿ ಬೀಳುವಂತೆ ನಿಲ್ಲಿಸಿ, ಫ್ಲಾಷನ್ನು ನಿಲ್ಲಿಸಿ, ನಿಮ್ಮ ಹಿಂದೆ ಒಂದು ಕಪ್ಪು ಕಂಬಳಿಯನ್ನು ತೂಗುಹಾಕಿ ಪ್ರತಿಯನ್ನು ತೆಗೆಯಿರಿ. ಕಂಬಳಿಯಿದ್ದರೆ ಗಾಜಿನಲ್ಲಿ ನಿಮ್ಮ ಮುಖ ಮೂಡುವುದಿಲ್ಲ. ಹತ್ತಿಕೊಳ್ಳದೆ ಉಳಿದಿರುವ ಚಿತ್ರಗಳಿಗೆ, ಗಾಜಿಗೂ ಚಿತ್ರಕ್ಕೂ ನಡುವೆ ಅಂಚಿನ ಸುತ್ತ ದಪ್ಪಕಾಗದದ ಒಂದು ಪಟ್ಟಿಯನ್ನು ಇಡಿಸಿ ಮತ್ತೆ ಕಟ್ಟು ಹಾಕಿಸಿರಿ. ರೋಹಿಣಿಯ ಬಿಸಿಲಿರುವಾಗಲೇ ಇದನ್ನು ಮುಗಿಸುವುದು ಲೇಸು.